ಇಬ್ಬರು ಕೂರುವ ಕೀಬೋರ್ಡು

ಶಿಡ್ಲಘಟ್ಟ
9 ಫೆಬ್ರವರಿ 2025

ಪ್ರೀತಿಯ ಪಂಕಜಾ,

ಸಲಾಂ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಈ ಚಳಿಗೆ ನಿನ್ನ ಮಂಡಿನೋವು ಜಾಸ್ತಿಯಾಗಿರಬೇಕು. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೋ, ಸೋಮಾರಿತನ ಮಾಡಬೇಡ. ಸಂಕ್ರಾಂತಿಗೇ ಬರೆಯಬೇಕಿತ್ತು, ಬರೆದು ಬರೆದು ಹರಿದುಹಾಕಿದೆ. ಈ ಕಾಲದಲ್ಲಿ ಕಾಗದ ಯಾರು ಬರೆಯುತ್ತಾರೆ ಎಂದು ನಗಬೇಡ. ನಿನ್ನ ಮಗಳು ಮೇಧಾಳ ಮದುವೆಯಾದಾಗಿನಿಂದ ನೀನು ನನ್ನ ಫೋನು ಎತ್ತುತ್ತಿಲ್ಲ. ಚಿಕ್ಕಬಳ್ಳಾಪುರವೇನು ಸಮುದ್ರದಾಚೆ ಇಲ್ಲ, ಬಸ್ಸು ಹತ್ತಿ ಬಂದುಬಿಡಬಹುದು. ಆದರೆ ಬಾಗಿಲು ತೆರೆಯುತ್ತೀಯೋ ಇಲ್ಲವೋ ಎಂದು ಅಳುಕು.

ಒಂದು ಒಳ್ಳೆ ಸುದ್ದಿ. ನಮ್ಮ ಅಕ್ಕ ಮುಸರ್ರತ್‌ಳ ಮಗ ಪರ್ವೇಜನಿಗೆ ಮದುವೆ ಗೊತ್ತಾಗಿದೆ. ಹುಡುಗಿ ಚಿಂತಾಮಣಿಯವಳು, ಸಾಬ್ರೀನ್. ರಂಜಾನ್ ಮುಗಿದ ಮೇಲೆ ನಿಕಾಹ್. ಮದುವೆ ಪತ್ರಿಕೆಯನ್ನು ನಾನೇ ಟೈಪ್ ಮಾಡಬೇಕಂತೆ, ಅದೂ ನಮ್ಮ ಹಳೇ ಕೀಬೋರ್ಡಿನಲ್ಲಿ.

ನೆನಪಿದೆಯಲ್ಲ, ರೇಷ್ಮೆಗೂಡಿನ ಮಾರ್ಕೆಟ್ ರಸ್ತೆಯ ಚೆನ್ನರಾಯಪ್ಪನವರ ಪ್ರೆಸ್ಸು? ಮೇಜು ಚಿಕ್ಕದು, ಕೂರಬೇಕಾದವರು ನಾವಿಬ್ಬರು. ಅದಕ್ಕೆಂದೇ ಅವರು ಬೆಂಗಳೂರಿನಿಂದ ಆ ಗಿಡ್ಡ ಕೀಬೋರ್ಡು ಹುಡುಕಿ ತಂದಿದ್ದರು, ಬಲಗಡೆ ಅಂಕಿಗಳ ಗುಂಪೇ ಇಲ್ಲದ್ದು. ಆ ಜಾಗದಲ್ಲಿ ನೀನು ಮೊಣಕೈ ಊರಿ ಹಸ್ತಪ್ರತಿ ಓದುತ್ತಿದ್ದೆ, ನಾನು ಟಕಟಕ ಒತ್ತುತ್ತಿದ್ದೆ. ಒತ್ತಿದವರೇ ತಪ್ಪು ನೋಡಬಾರದು ಎಂಬುದು ಅವರ ಕಟ್ಟಪ್ಪಣೆ. ನೀನು ಜೋರಾಗಿ ಓದಿ ಸರಿ ಎನ್ನುವ ತನಕ ಯಾವ ಪತ್ರಿಕೆಯೂ ಮೆಷಿನ್ನಿಗೆ ಹೋಗುತ್ತಿರಲಿಲ್ಲ. 'ಸುಖಾಗಮನ ಬಯಸುವವರು' ಎಂದು ಬರೆದ ಕೆಳಗೆ ಯಾವ ಚಿಕ್ಕಪ್ಪನ ಹೆಸರು ಮೊದಲು ಎಂದು ಊರವರೆಲ್ಲ ನಮ್ಮ ಮುಂದೆಯೇ ಜಗಳ ಕಾಯುತ್ತಿದ್ದರು. ಮೇಜಿನ ಕೆಳಗೆ ಮೇಧಾ ಮಲಗಿರುತ್ತಿದ್ದಳು. ಪರ್ವೇಜ್ ಕರೆಯುವುದನ್ನು ಕೇಳಿ ಅವಳೂ ನನ್ನನ್ನು ಚಿಕ್ಕಮ್ಮ ಅನ್ನದೆ ಖಾಲಾ ಎನ್ನುತ್ತಿದ್ದಳು. ಅಷ್ಟು ಸುಖದ ದಿನಗಳು ಆಮೇಲೆ ನನಗೆ ಸಿಗಲಿಲ್ಲ ಕಣೇ.

ಪ್ರೆಸ್ಸು ಮುಚ್ಚಿದಾಗ ಚೆನ್ನರಾಯಪ್ಪನವರು ಆ ಕೀಬೋರ್ಡನ್ನು ನನ್ನ ಕೈಗೇ ಕೊಟ್ಟರು. ಈಗ ಅಟ್ಟದಿಂದ ಇಳಿಸಿದರೆ ಪ್ಲಾಸ್ಟಿಕ್ ಮೈ ಪುಡಿಪುಡಿ. ಆದರೆ ಒಳಗಿನ ಸ್ಪ್ರಿಂಗುಗಳು ಗಟ್ಟಿ. ಪರ್ವೇಜ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸುವವನಲ್ಲವೇ, ಹೊಸ ವೈರು ಹಾಕಿ ಪರೀಕ್ಷೆ ಮಾಡಿ, "ಖಾಲಾ, ಈ ಥರದ್ದು ಈಗ ಸಿಗೋದೇ ಇಲ್ಲ. ಇದಕ್ಕೆ ಅಂತಾನೇ ಒಂದು ಮರದ ಕೇಸ್ ಡಿಸೈನ್ ಮಾಡ್ತೀನಿ" ಎಂದು ಅಳತೆ ತೆಗೆಯಲು ಕೂತ.

ಮರಕ್ಕೆ ಎಲ್ಲಿಗೂ ಹೋಗಲಿಲ್ಲ. ನಮ್ಮೆಜಮಾನರು ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಬಿಚ್ಚಾಣಿಕೆ ಕೆಲಸ ನಿಲ್ಲಿಸಿದ ಮೇಲೆ ಹಿತ್ತಲಲ್ಲಿ ಬಿದ್ದಿದ್ದ ಚರಕದ ಹಲಸಿನ ಹಲಗೆಗಳನ್ನು ಬಡಗಿ ಎರ್ರಪ್ಪನಿಗೆ ಕೊಟ್ಟೆವು. ಕೊಯ್ದಾಗ ಹಳೇ ರೇಷ್ಮೆಹುಳದ ವಾಸನೆ ಎದ್ದಿತು. ಎಜಮಾನರು ಹತ್ತಿರ ಬಂದು ಹಲಗೆ ಮುಟ್ಟಿ ನೋಡಿದರು, ಆಮೇಲೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಮೊದಲ ಕೇಸು ಬಂತು. ನಯವಾಗಿ, ಮಟ್ಟಸವಾಗಿ, ಷೋರೂಮಿನ ಸಾಮಾನಿನ ಹಾಗಿತ್ತು. ಕೂತು ಒತ್ತಿದರೆ ಸಾಲು ತುಂಬ ತಪ್ಪು. ವಯಸ್ಸಾಯಿತು, ಕೈ ಹೋಯಿತು ಎಂದು ಹೆದರಿದೆ. ಆಮೇಲೆ ಹೊಳೆಯಿತು. ಪ್ರೆಸ್ಸಿಗೆ ಬಂದಾಗಲೇ ಅದರ ಹಿಂದಿನ ಎಡಗಾಲು ಮುರಿದಿತ್ತಲ್ಲ, ಎಡಕ್ಕೆ ವಾಲಿದ ಅದರ ಮೇಲೇ ನಾನು ಅಷ್ಟು ವರ್ಷ ಒತ್ತಿದ್ದು. 'ನಿನ್ನ ಕೀಬೋರ್ಡು ಕುಂಟುತ್ತೆ ಕಣೇ' ಎಂದು ನೀನು ಗೇಲಿ ಮಾಡುತ್ತಿದ್ದೆ. ಎಡಗಡೆ ತಗ್ಗಿಸು ಎಂದೆ. ಪರ್ವೇಜ್ ತಲೆ ಚಚ್ಚಿಕೊಂಡ. ಎರ್ರಪ್ಪ, "ಏಮಮ್ಮಾ, ನೆಟ್ಟಗಿರೋದನ್ನ ಸೊಟ್ಟ ಮಾಡು ಅಂತ ಯಾರಾನಾ ಕೇಳ್ತಾರಾ?" ಎಂದು ನಗುತ್ತಲೇ ಉಜ್ಜಿಕೊಟ್ಟ.

ಇನ್ನೊಂದು ಜಗಳ ಬಲಗಡೆಯದ್ದು. ಪರ್ವೇಜ್ ನಕ್ಷೆಯಲ್ಲಿ ಅಲ್ಲಿ ಮರವನ್ನು ಚಾಚಿ ಪೆನ್ನು, ಮೊಬೈಲು ಇಡಲು ತಟ್ಟೆ ಬರೆದಿದ್ದ. ಬೇಡ, ಚಾಚಬೇಡ, ಆ ಮೂಲೆಯನ್ನು ಚೆನ್ನಾಗಿ ದುಂಡಗೆ ಮಾಡು, ಮೊಣಕೈಗೆ ಚುಚ್ಚಬಾರದು ಎಂದೆ.

"ನಿಮ್ಮ ಮೊಣಕೈ ಅಲ್ಲಿಗೆ ಬರೋದೇ ಇಲ್ವಲ್ಲ ಖಾಲಾ?"

"ನನ್ನದಲ್ಲಪ್ಪ, ಪಂಕಜಂದು."

"ಒಂದು ಕೀಬೋರ್ಡಿಗೆ ಎಷ್ಟು ಜನ ಕೂತ್ಕೋತಾರೆ?"

"ಇಬ್ಬರು" ಎಂದೆ. ಅವನು ನನ್ನ ಮುಖ ನೋಡಿದ. ತಟ್ಟೆಯನ್ನು ಅಳಿಸಿದ.

ಈಗ ಕೇಸು ತಯಾರಾಗಿದೆ. ಕೈಗೆ ಹಳೇ ಓಟ ಬಂದಿದೆ. ಪತ್ರಿಕೆಯನ್ನೂ ಟೈಪ್ ಮಾಡಿದ್ದೇನೆ, ಕನ್ನಡದಲ್ಲಿ ಒಂದು, ಉರ್ದುವಿನಲ್ಲಿ ಒಂದು. ಅಚ್ಚಿಗೆ ಮಾತ್ರ ಕೊಟ್ಟಿಲ್ಲ. ಪರ್ವೇಜ್ ತಾನೇ ಓದಿ ನೋಡುತ್ತೇನೆ ಅಂದ, ಬಿಡಲಿಲ್ಲ. ನೀನು ಬಂದು ಪಕ್ಕದಲ್ಲಿ ಕೂತು ಓದಬೇಕು. ಬೆಳಿಗ್ಗೆ ಬಂದರೆ ಸಂಜೆ ಬಸ್ಸಿಗೆ ವಾಪಸ್ ಹೋಗಬಹುದು. ನಿನಗೆ ಬೇರೆ ಪಾತ್ರೆಯಲ್ಲಿ ಕಾಳು ಸಾರು ಮಾಡಿಟ್ಟಿರುತ್ತೇನೆ, ಯಾವಾಗಲೂ ಹಾಗೇ ತಾನೇ.

ಮೇಧಾಳಿಗೂ ಅಳಿಯನಿಗೂ ನನ್ನ ಆಶೀರ್ವಾದ ತಿಳಿಸು. ಅಲ್ಲಾಹ್ ಅವರಿಬ್ಬರನ್ನೂ ನಗುನಗುತ್ತಾ ಇಟ್ಟಿರಲಿ, ನಿನ್ನ ಮಡಿಲಿಗೆ ಮೊಮ್ಮಕ್ಕಳು ಬರಲಿ.

ನಿನ್ನ
ರಹಮತುನ್ನೀಸಾ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆಯದೆ ಕಾಗದ ಅಂಟಿಸಲು ಮನಸ್ಸು ಒಪ್ಪುತ್ತಿಲ್ಲ. ಮೇಧಾಳ ಮದುವೆಗೆ ನಾನು ಬಂದಿದ್ದೆ. ಪತ್ರಿಕೆ ಬಂದಿರಲಿಲ್ಲ, ಗಡಿಬಿಡಿಯಲ್ಲಿ ಮರೆತಿರುತ್ತೀಯ ಅಂದುಕೊಂಡೆ. ನಾನು ಕರೆಸಿಕೊಂಡು ಬರಬೇಕಾದವಳೇ? ಛತ್ರದ ಬಾಗಿಲಲ್ಲಿ ಪನ್ನೀರು ಹಾಕುವ ಹುಡುಗಿಯರ ಹಿಂದೆ ನೀನಿದ್ದೆ. ನನ್ನನ್ನು ನೋಡಿದೆ. ಪಕ್ಕದಲ್ಲಿದ್ದ ಬೀಗಿತ್ತಿ ನನ್ನ ಬುರ್ಖಾ ನೋಡಿ ಯಾರು ಎಂದು ಕೇಳಿದಾಗ ನೀನು, "ಗೊತ್ತಿಲ್ಲ, ಯಾರೋ ದಾರಿ ತಪ್ಪಿ ಬಂದಿರ್ಬೇಕು" ಎಂದೆ. ನನಗೆ ಕೇಳಿಸಿತು. ನಾನು ಹಾಗೇ ತಿರುಗಿ ಬಸ್ ಸ್ಟ್ಯಾಂಡಿಗೆ ಹೋದೆ. ನಿನಗೆ ಹೊಸ ಬೀಗರ ಭಯ, ಅದು ನನಗೆ ಅರ್ಥವಾಗುತ್ತದೆ. ಆದರೂ ತುಂಬಾ ನೋವಾಯಿತು ಪಂಕಜಾ, ಇವತ್ತಿಗೂ ಆಗುತ್ತದೆ. ನೀನು ಬಾ. ನಮ್ಮ ಮನೆಯಲ್ಲಿ ಯಾರಾದರೂ ಇವರು ಯಾರು ಎಂದು ಕೇಳಿದರೆ, ನಾನು ನಿನ್ನ ಹೆಸರು ಹೇಳುತ್ತೇನೆ.