ತಮ್ಮನೊಬ್ಬನಿಗೆ ರೇಡಿಯೊ

ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ,
ಹತ್ತೊಂಬತ್ತನೇ ತಾರೀಖು, ಮಂಗಳವಾರ, ಮಧ್ಯಾಹ್ನ ನಾಲ್ಕು ಗಂಟೆ

ಪ್ರೀತಿಯ ಮಗಳೇ,

ಕಾಲಿನ ಊತ ಇಳಿಯಿತೇ? ನಿದ್ದೆ ಬರುತ್ತಿದೆಯೇ? ನಿನ್ನ ಗಂಡನ ಕೈಯಡಿಗೆ ತಿಂದೂ ಬದುಕಿದ್ದೀಯೆ ಎಂದರೆ ಹುಟ್ಟುವ ಕೂಸು ಗಟ್ಟಿಪಿಂಡವೇ ಇರಬೇಕು. ಏಳನೇ ತಿಂಗಳಲ್ಲಿ ಹಾಸಿಗೆ ಬಿಟ್ಟು ಏಳಬಾರದು ಎಂದು ಅಲ್ಲಿಯ ಡಾಕ್ಟರಮ್ಮ ಹೇಳಿದ ಮೇಲೂ ಅಪ್ಪನನ್ನು ನೋಡಲು ಹೊರಟು ನಿಂತಿದ್ದೆಯಂತೆ. ಬಂದರೆ ಮೆಟ್ಟಿಲ ಮೇಲೇ ನಿಲ್ಲಿಸಿ ಬೈದು ಕಳಿಸುತ್ತೇನೆ. ನಿನ್ನ ದೊಡ್ಡಪ್ಪನ ಬಾಯಿ ನಿನಗೆ ಗೊತ್ತು. ನನ್ನ ಆರೋಗ್ಯ ಕೇಳಬೇಡ. ಕೆಮ್ಮು ಇದೆ. ನಿನ್ನ ದೊಡ್ಡಮ್ಮ ಹೋದ ಮೇಲೆ ಈ ಕೋಣೆಯಲ್ಲಿ ನನಗೆ ಎದುರಾಡುವುದು ಅದೊಂದೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಅಚ್ಚುಕೂಟ ಸೇರಿದವನು ನಾನು. ಅಕ್ಷರ ಕಲಿತದ್ದು ಸೀಸದ ಅಚ್ಚುಮೊಳೆ ಜೋಡಿಸುತ್ತಾ, ಅದೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ. ತಪ್ಪಿದ್ದರೆ ತಿದ್ದಿಕೊಂಡು ಓದು.

ನಿನ್ನ ಅಪ್ಪನ ಸುದ್ದಿ ಹೇಳುತ್ತೇನೆ. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡವಳಿಗೆ ಸುಳ್ಳು ಹೇಳಬೇಕು ಎಂದು ಎಲ್ಲರೂ ಬುದ್ಧಿ ಹೇಳಿದರು. ನನಗೆ ಬರುವುದಿಲ್ಲ. ಎಡ ಮಗ್ಗುಲು ಹಾಗೇ ಬಿದ್ದಿದೆ. ಮಾತು ಹೋಗಿದೆ, ಇನ್ನು ಬರುವುದಿಲ್ಲ. ಈಗ ನುಂಗುವುದೂ ನಿಂತು ಮೂಗಿಗೆ ನಳಿಗೆ ಹಾಕಿದ್ದಾರೆ. ಎದೆಯಲ್ಲಿ ಕಫ ಕಟ್ಟಿದೆ. ದೊಡ್ಡ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಕಿವಿ ಚುರುಕಾಗಿದೆ, ಎಲ್ಲಾ ಅರ್ಥ ಆಗುತ್ತೆ, ಆದ್ರೆ ಮೈ ಕೈಬಿಡ್ತಿದೆ, ಈ ತಿಂಗಳು ದಾಟಿದ್ರೆ ಹೆಚ್ಚು" ಎಂದರು. ಆ ಆಸ್ಪತ್ರೆಗೆ ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಒಳಗೆ ಬಿಡುವುದು ಭಾನುವಾರ ಒಂದು ಗಂಟೆ ಮಾತ್ರ. ನಾನು ಹೋಗುತ್ತೇನೆ, ಸ್ಟೂಲಿನ ಮೇಲೆ ಕೂರುತ್ತೇನೆ, ಹೊದಿಕೆ ಸರಿಮಾಡುತ್ತೇನೆ, ಪಕ್ಕದ ಹಾಸಿಗೆಯವನ ಜೊತೆ ಜಗಳವಾಡಿ ಬರುತ್ತೇನೆ. ಅವನಿಗೆ ನಾನು ಒಂದು ವಿಷಯ ಹೇಳಬೇಕಾಗಿದೆ, ಮಗಳೇ. ನಲವತ್ತಾರು ವರ್ಷದ ಹಿಂದೆ ನಾನು ಅವನಿಗೆ ಮಾಡಿದ ಒಂದು ದ್ರೋಹ. ಅವನು ಹೋಗುವುದರೊಳಗೆ ಹೇಳದಿದ್ದರೆ ನಾನು ಇದ್ದೂ ಸತ್ತ ಹಾಗೆ. ಮೂರು ಭಾನುವಾರ ಬಾಯಿ ತೆರೆದೆ. ಅವನ ಕಣ್ಣು ನನ್ನ ಕಡೆ ತಿರುಗಿದ ಕೂಡಲೇ ನಾಲಿಗೆ ಮೇಲಂಗುಳಕ್ಕೆ ಅಂಟಿಕೊಂಡಿತು. ಜಗತ್ತಿಗೆಲ್ಲ ಬೈಯುವ ನಾಲಿಗೆ ಅದು.

ಈ ರೇಡಿಯೊ ಹುಚ್ಚು ಶುರುವಾದದ್ದು ಹೀಗೆ. ನೀನು ಫೋನಿನಲ್ಲಿ, "ದೊಡ್ಡಪ್ಪಾ, ಒಂದು ಮೆಸೇಜು ನೋಡೋಕೆ ಬರದವರು ನೀವು, ಇಂಟರ್ನೆಟ್ ರೇಡಿಯೊ ಯಾಕೆ?" ಎಂದು ನಕ್ಕೆಯಲ್ಲ, ಅದಕ್ಕೆ ಉತ್ತರ ಇದು. ಆ ವಾರ್ಡಿನಲ್ಲಿ ಫೋನಿನಲ್ಲಿ ಮಾತಾಡುವ ಹಾಗಿಲ್ಲ, ಆದರೆ ಕಿವಿಗೆ ಸಿಕ್ಕಿಸಿಕೊಂಡು ರೇಡಿಯೊ ಕೇಳಬಹುದು. ಅಲ್ಲಿಯ ನರ್ಸಮ್ಮ, ಬಡಕಲು ಹುಡುಗಿ, ಕರುಣೆ ಇರುವವಳು, "ನೀವೇ ಒಂದು ರೇಡಿಯೊ ಮಾಡ್ಕೊಳ್ಳಿ ತಾತ, ಮೂರು ಗಂಟೆಗೆ ನಾನು ಅವರ ಕಿವಿಗೆ ಹಾಕ್ತೀನಿ" ಎಂದಳು. ತಮಾಷೆಗೇ ಹೇಳಿರಬೇಕು. ನಾನು ನೆಟ್ಟಗೆ ಕೆಳಗಿನ ಅಂಗಡಿಗೆ ಹೋಗಿ ರಿಪೇರಿಯವಳ ಮುಂದೆ ನಿಂತೆ. ಅವಳ ಬಾಯಿಯೂ ನನ್ನದರ ತಂಗಿಯೇ. "ಎಷ್ಟು ಜನ ಕೇಳುಗರು ಬೇಕು ತಾತ, ಸಾವಿರವಾ?" ಎಂದಳು. ಒಬ್ಬ ಎಂದೆ. ನಕ್ಕಳು. ಯಾರು ಆ ಒಬ್ಬ ಎಂದು ಹೇಳಿದ ಮೇಲೆ ನಗಲಿಲ್ಲ. ರೆಕಾರ್ಡ್ ಮಾಡಿ ಕೊಟ್ಟರೆ ಸಾಕಲ್ಲವೇ ಎಂದು ಕೇಳಿದಳು. ಬೇಡ ಎಂದೆ. ಡಬ್ಬಿಯಲ್ಲಿ ತುಂಬಿಟ್ಟ ಮಾತು ಸತ್ತವರದು. ನಾನು ಆಡುವಾಗಲೇ ಅವನು ಕೇಳಬೇಕು, ಮುಖ ಮಾತ್ರ ಕಾಣಬಾರದು.

ಯಾರೋ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪು, ಮೂತಿಗೆ ಸ್ಪಂಜು ತೊಡಿಸಿದ ಒಂದು ಮೈಕು ತಂದಿಟ್ಟಳು. ಧ್ವನಿ ಗೋಡೆಗೆ ಬಡಿದು ಮರಳಬಾರದೆಂದು ಬಟ್ಟೆ ಒಣಗಿಸುವ ಹಗ್ಗಕ್ಕೆ ಕಂಬಳಿಗಳನ್ನು ಇಳಿಬಿಟ್ಟಳು. ಗಡಿಯಾರ ಟಿಕ್ ಟಿಕ್ ಅನ್ನುತ್ತದೆಂದು ತೆಗೆದು ಅಡುಗೆಮನೆಯಲ್ಲಿಟ್ಟಳು. ರೇಡಿಯೊಗೆ ಹೆಸರು ಕೊಡದೆ ಮುಂದೆ ಹೋಗುವುದಿಲ್ಲ ಎಂದು ಯಂತ್ರ ಹಟ ಹಿಡಿಯಿತು. 'ತಮ್ಮ' ಎಂದು ಹಾಕಿಸಿದೆ. ಪರದೆಯ ಮೇಲೆ ಎರಡು ಗೆರೆ, ಗೆರೆಯ ಮೇಲೆ ಒಂದೊಂದು ಗುಂಡಿ. ಎಡಗಡೆಯದು ಮೈಕಿಗೆ, ಬಲಗಡೆಯದು ಹಾಡಿಗೆ. ಮೇಲೆ ಎತ್ತಿದರೆ ಧ್ವನಿ ಹೋಗುತ್ತದೆ, ಕೆಳಗೆ ಎಳೆದರೆ ನಿಲ್ಲುತ್ತದೆ. ಎದುರಿಗೆ ಹಸಿರು ಪಟ್ಟಿಯೊಂದು ಕುಣಿಯುತ್ತಿದ್ದರೆ ಏನೋ ಹೋಗುತ್ತಿದೆ ಎಂದು ಲೆಕ್ಕ. ಅರ್ಧ ನಿಮಿಷ ಯಾರೂ ಮಾತಾಡದಿದ್ದರೆ ರೇಡಿಯೊ ಸತ್ತಿತೆಂದು ಕೇಳುವವರು ತಿಳಿಯಬಾರದಂತೆ, ಅದಕ್ಕೆ ತಾನಾಗಿಯೇ ಒಂದು ಕೊಳಲು ಶುರುವಾಗುವ ಹಾಗೆ ಮಾಡಿದ್ದಾಳೆ. ಕೆಮ್ಮು ಬಂದರೆ ಎಡಗಡೆಯ ಗುಂಡಿ ಇಳಿಸಿ ಕೆಮ್ಮಿ, ಮತ್ತೆ ಎತ್ತಬೇಕು. ಮೊದಲ ದಿನ ಸಿಟ್ಟು ಬಂದು ಲ್ಯಾಪ್‌ಟಾಪಿನ ಬೆನ್ನಿಗೆ ಒಂದು ಬಾರಿಸಿದೆ. "ಇದು ಅಚ್ಚಿನ ಮಷೀನಲ್ಲ ತಾತ, ಗುದ್ದಿದ್ರೆ ಓಡಲ್ಲ" ಎಂದು ಅವಳು ನನ್ನ ಕೈಗೇ ಬಾರಿಸಿದಳು.

ಮೂರು ಗಂಟೆ ಹೊಡೆಯಿತು, ಪರದೆಯ ಮೂಲೆಯಲ್ಲಿ 'ಕೇಳುಗರು: ೧' ಎಂದು ಬಂತು. ಏನು ಮಾತಾಡುವುದು? ಪೇಪರು ತೆಗೆದು ಓದಿದೆ. ಓದುವಾಗ ನನಗೆ ತಿಳಿಯದೆಯೇ ನಿನ್ನ ಅಪ್ಪನ ಧಾಟಿ ಬಂದುಬಿಟ್ಟಿತು. ನಿನಗೆ ಗೊತ್ತಿರಲಿಕ್ಕಿಲ್ಲ, ಅಚ್ಚುಕೂಟದಲ್ಲಿ ಅವನಿಗೆ ಮೊದಲು ಇದ್ದ ಕೆಲಸವೇ ಓದುವುದು. ಕರಡು ತಿದ್ದುವ ಮುದುಕರು ಅಚ್ಚಾದ ಹಾಳೆ ಹಿಡಿದು ಕೂರುತ್ತಿದ್ದರು, ಇವನು ಎದುರು ಕೂತು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಚುಕ್ಕೆ ಗೆರೆ ಏನೂ ಬಿಡದೆ. "ಆದ್ದರಿಂದ, ಅಲ್ಪವಿರಾಮ, ಸದರಿ ಸಭೆಯು ಮುಂದೂಡಲ್ಪಟ್ಟಿತು, ಪೂರ್ಣವಿರಾಮ." ಬರೀ ಸಭೆಯ ನೋಟೀಸು, ಸೋಪಿನ ಜಾಹೀರಾತು. ಆದರೂ ಆ ಧ್ವನಿಗೆ ಕಾಲಿನಿಂದ ಮಷೀನು ತುಳಿಯುವವನು ತುಳಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದ. ಇಪ್ಪತ್ತೆರಡರ ವಯಸ್ಸಿನಲ್ಲಿ ಅವನು ರೇಡಿಯೊ ನಿಲಯದಲ್ಲಿ ಧ್ವನಿ ಪರೀಕ್ಷೆ ಕೊಟ್ಟು ಬಂದ. ಉತ್ತರ ಬರಲಿಲ್ಲ. ನಾಲ್ಕು ತಿಂಗಳು ಕಾದ. ಆಮೇಲೆ, "ನನ್ನ ಧ್ವನಿ ಯಾರಿಗೂ ಬೇಡ ಕಣಣ್ಣ" ಎಂದು ಒಂದೇ ಮಾತು ಆಡಿ, ಓದುವ ಕೆಲಸ ಬಿಟ್ಟು ಕಾಗದ ಕತ್ತರಿಸುವ ಮಷೀನಿಗೆ ಹೋಗಿ ನಿಂತ. ಅಲ್ಲಿ ಮಾತೇ ಬೇಕಿಲ್ಲ. ಮನೆಯಲ್ಲಿ ಯಾರಾದರೂ ರೇಡಿಯೊ ಹಾಕಿದರೆ ನಿನ್ನ ಅಪ್ಪ ಎದ್ದು ಹೊರಗೆ ಹೋಗುವುದನ್ನು ನೀನೂ ನೋಡಿದ್ದೀಯೆ. ತಲೆನೋವು ಎನ್ನುತ್ತಿದ್ದ.

ಆ ಮೊದಲ ದಿನ ನರ್ಸಮ್ಮ ಫೋನು ಮಾಡಿ, "ತಾತ, ನೀವು ಪೂರ್ಣವಿರಾಮ ಅಂದಾಗೆಲ್ಲ ಅವರು ಬಲಗೈ ಬೆರಳಲ್ಲಿ ಮಂಚ ತಟ್ತಾರೆ, ಒಂದೂ ತಪ್ಪಿಸಲ್ಲ" ಎಂದಳು. ಕಂಬಳಿಗಳ ನಡುವೆ ಕೂತು ಅತ್ತೆ. ಇದನ್ನು ರಿಪೇರಿಯವಳಿಗೆ ಹೇಳಬೇಡ. ಆಮೇಲೆ ದಿನವೂ ಓದಿದೆ, ಬೈದೆ, ನಮ್ಮ ಅವ್ವ ಸೌದೆ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದುದನ್ನು ನೆನಪಿಸಿದೆ, ಮೇಲಿನ ಮನೆಯವರ ನಲ್ಲಿ ಸೋರುವುದನ್ನು ವರದಿ ಮಾಡಿದೆ. ಹೇಳಬೇಕಾದದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ.

ಇಪ್ಪತ್ತಮೂರನೇ ದಿನ ಧೈರ್ಯ ಬಂತು. ಎಲ್ಲಿಂದ ಬಂತೋ. ಬಾಗಿಲಿಗೆ ಅಗುಳಿ ಹಾಕಿದೆ. ಕೆಮ್ಮು ಬಂತು, ಗುಂಡಿ ಇಳಿಸಿ ಚೆನ್ನಾಗಿ ಕೆಮ್ಮಿ, ನೀರು ಕುಡಿದು, "ತಮ್ಮಾ, ಇವತ್ತು ಪೇಪರು ಇಲ್ಲ" ಎಂದು ಶುರು ಮಾಡಿದೆ. ನಲವತ್ತು ನಿಮಿಷ ಹೇಳಿದೆ. ಒಂದು ಕೂದಲೆಳೆ ಮುಚ್ಚಿಡಲಿಲ್ಲ. ಹಸಿರು ಪಟ್ಟಿ ಕುಣಿಯುತ್ತಿತ್ತು, ಕೇಳುಗರು ಒಂದು ಎಂದು ಇತ್ತು. ಮುಗಿಸಿ ಎದ್ದಾಗ ಬೆನ್ನಿನಿಂದ ಮೂಟೆ ಇಳಿಸಿದ ಹಾಗಾಗಿತ್ತು. ಸಂಜೆ ನರ್ಸಮ್ಮನ ಫೋನು ಬಂತು. "ಯಾಕೆ ತಾತ, ಹುಷಾರಿಲ್ವಾ? ಇವತ್ತು ಪೂರ್ತಿ ಬರೀ ಕೊಳಲೇ ಬಂತಲ್ಲ. ಅವರು ಬಾಗಿಲ ಕಡೆನೇ ನೋಡ್ತಾ ಇದ್ರು."

ಕೆಮ್ಮಿದವನು ಗುಂಡಿ ಎತ್ತಿರಲಿಲ್ಲ. ಕುಣಿದದ್ದು ಕೊಳಲಿನ ಪಟ್ಟಿ. ನನ್ನ ಧ್ವನಿ ನನಗೇ ತಿರುಗಿ ಕೇಳಿಸಿದರೆ ಸಿಟ್ಟು ಬರುತ್ತದೆಂದು ಸ್ಪೀಕರನ್ನೂ ಮುಚ್ಚಿಟ್ಟಿದ್ದೆ. ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡ ಎನ್ನುತ್ತಾರಲ್ಲ, ನನ್ನ ಮಾತು ಆ ಗಾಳಿಗೂ ತಲುಪಲಿಲ್ಲ. ಕಂಬಳಿ ಕುಡಿದುಬಿಟ್ಟಿತು.

ಇನ್ನೊಂದು ಸಲ ಹೇಳು, ಅದಕ್ಕೇನಂತೆ ಎಂದು ನೀನು ಅನ್ನುತ್ತೀಯೆ. ಆಗುತ್ತಿಲ್ಲ ಮಗಳೇ. ಹನ್ನೊಂದು ದಿನವಾಯಿತು. ದಿನವೂ ಗುಂಡಿ ಎತ್ತುತ್ತೇನೆ, ಒಂದಕ್ಕೆ ಮೂರು ಸಲ ನೋಡುತ್ತೇನೆ, ಬಾಯಿ ತೆರೆಯುತ್ತೇನೆ, ಬರುವುದು ನಲ್ಲಿಯ ಸುದ್ದಿ. ಇವತ್ತೂ ಅದೇ ಆಯಿತು. ಧೈರ್ಯ ಒಂದೇ ಸಲಕ್ಕೆ ಆಗುವಷ್ಟು ಇತ್ತು, ಅದನ್ನು ಚೆಲ್ಲಿಬಿಟ್ಟೆ. ಅವನು ತಟ್ಟುವುದೂ ಕಡಿಮೆಯಾಗಿದೆ. ನಿನ್ನೆ ಎರಡೇ ಸಲ ತಟ್ಟಿದನಂತೆ. ಇವತ್ತಿನದನ್ನು ಕೇಳಲು ನರ್ಸಮ್ಮನಿಗೆ ಫೋನು ಮಾಡುವ ಧೈರ್ಯವೂ ನನಗಿಲ್ಲ.

ನಿನ್ನ ಗಂಡನಿಗೆ ನನ್ನ ನೆನಪು ತಿಳಿಸು. ಹೆಣ್ಣಾಗಲಿ ಗಂಡಾಗಲಿ, ನಿನ್ನ ಕೂಸು ಗಂಟಲು ಬಿಟ್ಟು ಅಳಲಿ, ಊರೆಲ್ಲ ಕೇಳುವ ಹಾಗೆ ಮಾತಾಡಲಿ. ಈ ಮುದುಕನ ಆಶೀರ್ವಾದಕ್ಕೆ ಬೆಲೆ ಇದ್ದರೆ ಅದು ಇಷ್ಟೇ.

ಇಂತಿ ನಿನ್ನ,
ದೊಡ್ಡಪ್ಪ

ಮರೆತ ಮಾತು: ಮರೆತಿಲ್ಲ, ಅದು ಸುಳ್ಳು. ಬೇಗ ಬರೆಯುತ್ತೇನೆ, ರಿಪೇರಿಯವಳು ಅಂಗಡಿ ಮುಚ್ಚುವುದರೊಳಗೆ ಇದೆಲ್ಲದರ ಫೋಟೊ ತೆಗೆದು ನಿನ್ನ ಫೋನಿಗೆ ಕಳಿಸಬೇಕು. ಈ ಪತ್ರದ ಜೊತೆ ಒಂದು ಹಳದಿಯಾದ ಕಾಗದ ಇದೆ, ನೋಡು. ರೇಡಿಯೊ ನಿಲಯದ್ದು. ನಿನ್ನ ಅಪ್ಪ ಧ್ವನಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾನೆ, ಹದಿನೈದು ದಿನದೊಳಗೆ ಬಂದು ಕೆಲಸಕ್ಕೆ ಸೇರಬೇಕು ಎಂದು ಬರೆದಿದೆ. ಅಂಚೆಯವನು ಕೊಟ್ಟದ್ದು ನನ್ನ ಕೈಗೆ. ಮೊಳೆ ಪೆಟ್ಟಿಗೆಯ ತಳದಲ್ಲಿಟ್ಟೆ. ಅವ್ವನಿಗೆ ಕಾಯಿಲೆ, ಮನೆ ನಡೆಯಬೇಕಿತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನೆಪ. ಹೊಟ್ಟೆಕಿಚ್ಚು ಕಣೇ. ಅವನು ಹೋದರೆ ಆ ಸೀಸದ ಧೂಳಿನಲ್ಲಿ ನಾನೊಬ್ಬನೇ ಉಳಿಯುತ್ತಿದ್ದೆ. ನಾಳೆ ಮೂರು ಗಂಟೆಗೆ ನೀನು ಈ ನಿಲಯದ ಕಾಗದವನ್ನು ಓದು. ಹಾಸಿಗೆಯಲ್ಲಿ ಮಲಗಿಯೇ ನಿನ್ನ ಫೋನಿನಿಂದ ನಮ್ಮ ರೇಡಿಯೊದಲ್ಲಿ ಮಾತಾಡಬಹುದಂತೆ, ಪಾಸ್‌ವರ್ಡು ರಿಪೇರಿಯವಳು ಕಳಿಸುತ್ತಾಳೆ. ನಾನು ಓದಿದರೆ ಅವನು ಕ್ಷಮಿಸಲು ನೋಡುತ್ತಾನೆ, ಅವನ ಹುಟ್ಟುಗುಣ ಅದು. ನೀನು ಓದಿದರೆ ಸಿಟ್ಟಾಗಲು ಜಾಗ ಇರುತ್ತದೆ. ನಿನ್ನದು ಅವನದೇ ಧ್ವನಿ. ಅವನು ಓದುತ್ತಿದ್ದ ಹಾಗೆ ಓದು, ಅಲ್ಪವಿರಾಮ, ಪೂರ್ಣವಿರಾಮ, ನಿಲಯದವರ ರುಜು ಎಲ್ಲ ಸೇರಿಸಿ. ಆಮೇಲೆ ಇದನ್ನು ಬಚ್ಚಿಟ್ಟವನು ಅವನ ಅಣ್ಣನೇ ಎಂದು ಹೇಳು. ಮೆತ್ತಗೆ ಮಾಡಬೇಡ. ನಿನ್ನ ಫೋನಿನಲ್ಲೂ ಇದೇ ಗುಂಡಿಗಳು ಬರುತ್ತವಂತೆ, ಮೊದಲು ಎಡಗಡೆಯದನ್ನು ಎತ್ತು, ಎತ್ತಿದ್ದೀಯೋ ಎಂದು ಇನ್ನೊಂದು ಸಲ ನೋಡು. ನಾನು ಕೆಳಗಿನ ಅಂಗಡಿಯಲ್ಲಿ ಕೂತು ಕೇಳುತ್ತಿರುತ್ತೇನೆ, ಆದ್ದರಿಂದ ಕೇಳುಗರು ಎರಡು ಎಂದು ತೋರಿಸಬೇಕು. ಒಂದೇ ತೋರಿಸಿದರೆ ಅದು ನಾನು, ಅವನಲ್ಲ. ಆಗಲೂ ನಿಲ್ಲಿಸಬೇಡ ಮಗಳೇ, ಕೊನೆಯತನಕ ಓದು. ನಾನೂ ಅದನ್ನು ಒಂದು ಸಲ ಗಟ್ಟಿಯಾಗಿ ಕೇಳಬೇಕು.