ಗೋಣಿಚೀಲ ತೆಗೆಯಬೇಡ

ಅಪ್ಪಾ,

ನಾನು ಬಕೋಲೋಡ್ ಪೇಟೆಗೆ ಹೋಗಿದ್ದೇನೆ, ಸಂಜೆ ಬರುತ್ತೇನೆ. ನಮ್ಮ ಬಡಕಲು ಎಳೆಹುಂಜ ಇವತ್ತು ಪಪ್ಪಾಯಿ ಸಾರಿನ ಪಾತ್ರೆಗೆ ಬೀಳುವುದಿಲ್ಲ. ಬೆರ್ತಿಂಗ್ ದೊಡ್ಡಪ್ಪ ಊಟಕ್ಕೆ ಬಂದರೆ ಒಣಮೀನು ಹುರಿದಿಟ್ಟಿದ್ದೇನೆ, ಬಡಿಸು. "ಇದು ಕೋಳಿ ಅಂಕದ ಹುಂಜ ಅಲ್ವೋ ತಮ್ಮಾ, ಬರೀ ಪುಕ್ಕ" ಅಂತ ಮತ್ತೆ ನಕ್ಕರೆ ನಗಲಿ.

ಅದಕ್ಕೆ ರೋಗವಿಲ್ಲ. ರೋಷ ಬರಲಿ ಅಂತ ನೀನು ಅದನ್ನು ಕಾದಾಡಿ ಅಂಕ ಗೆದ್ದ ಕೆಂಪು ಹುಂಜದ ಎದುರಿಗೇ ಕಟ್ಟಿದೆ. ಪಾಪ, ದಿನವಿಡೀ ಕತ್ತಿನ ಪುಕ್ಕ ನಿಗುರಿಸಿಕೊಂಡು ಆ ಕೆಂಪನ್ನೇ ನೋಡುತ್ತ ನಿಂತಿರುತ್ತಿತ್ತು, ಕಾಳು ಮುಟ್ಟುತ್ತಿರಲಿಲ್ಲ. ಮೊನ್ನೆ ನಾನು ನಡುವೆ ಗೋಣಿಚೀಲ ಇಳಿಬಿಟ್ಟೆ. ಅವತ್ತೇ ತಿನ್ನತೊಡಗಿತು. ಆ ಚೀಲ ತೆಗೆದರೆ ನಿನಗೂ ನನಗೂ ಆಗುವುದಿಲ್ಲ, ಈಗಲೇ ಹೇಳಿದ್ದೇನೆ.

ಮಧ್ಯಾಹ್ನ ಮೆತ್ತಗಿನ ಅನ್ನಕ್ಕೆ ಬೇಯಿಸಿದ ಮೊಟ್ಟೆ ಹಿಸುಕಿ ಹುಂಜಕ್ಕೆ ಹಾಕು. ಒಂದೇ ಸಲ ಸುರಿಯಬೇಡ, ಸ್ವಲ್ಪ ಸ್ವಲ್ಪವಾಗಿ ಮೂರು ಸಲ ಕೊಡು. ನೀರು ಬದಲಿಸು. ತೂಕ ನೋಡುತ್ತೇನೆಂದು ಗಳಿಗೆಗೊಮ್ಮೆ ಎತ್ತಿಕೊಳ್ಳಬೇಡ.

ನನ್ನ ಮಾತು ನಂಬದಿದ್ದರೆ ನಿನ್ನನ್ನೇ ನೋಡಿಕೋ. ದೊಡ್ಡಪ್ಪ ಎದುರಿಗೆ ಕೂತರೆ ನಿನಗೂ ತುತ್ತು ಇಳಿಯುವುದಿಲ್ಲ. ನಿನ್ನ ತಟ್ಟೆಯನ್ನು ಒಳಗೆ, ಒಲೆಯ ಪಕ್ಕ ಮುಚ್ಚಿಟ್ಟಿದ್ದೇನೆ.

ಲೂರಿಂಗ್