ಸೆರಗಿನಲ್ಲಿ ಜೋಳ

ಜಲನಗರ, ವಿಜಯಪುರ
೨೪ ಜುಲೈ ೨೦೨೫

ಪಿಂಚಣಿಯ ಪಟ್ಟಾಧಿಕಾರಿಗಳೇ, ಖಾಲಿ ಡಬ್ಬಿಗಳ ಒಡೆಯರೇ, ಸಾಲಿನಲ್ಲಿ ನಿಂತ ಸಮಸ್ತ ಸಜ್ಜನರೇ!

ಗಾಬರಿಯಾಗಬೇಡ ಅಣ್ಣ, ಭಾಷಣ ಮುಗಿಯಿತು. ಇದನ್ನು ಬಬಲೇಶ್ವರದಲ್ಲಿ ಕೂತು ಓದುವವನು ನೀನೊಬ್ಬನೇ ಎಂದು ನನಗೂ ಗೊತ್ತು. ತಂಗಿಯ ನಮಸ್ಕಾರ. ನಾಗರ ಪಂಚಮಿಗೆ ಬಾ ಎಂದು ನೀನು ಕರೆದು ಎಷ್ಟೋ ದಿನವಾಯಿತು, ತಡಕ್ಕೆ ಕ್ಷಮಿಸು. ಅತ್ತೆ ಹಾಸಿಗೆ ಹಿಡಿದಿದ್ದಾರೆ, ಬಿಟ್ಟು ಬರುವ ಹಾಗಿಲ್ಲ.

ಬಿಟ್ಟು ಕೆಲಸಕ್ಕೂ ಹೋಗುವ ಹಾಗಿಲ್ಲ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಬರುವ ಪಿಂಚಣಿಯ ಮೇಲೆ ಒಂದು ಪದ್ಯ ಕಟ್ಟಿದ್ದೇನೆ: ಬಾಡಿಗೆಗಷ್ಟು, ಗುಳಿಗೆಗಷ್ಟು, ಜೋಳಕ್ಕೆ ಉಳಿದದ್ದು ಬರೀ ಸಿಟ್ಟು. ಜೋಳದ ದರ ಏರುತ್ತಲೇ ಇದೆ. ಪಿಂಚಣಿ ಮಾತ್ರ ಗೋಡೆಯ ಮೇಲಿನ ಇವರ ಫೋಟೋದ ಹಾಗೆ, ವಯಸ್ಸೇ ಆಗುವುದಿಲ್ಲ.

ಹಾಗಾಗಿ ತಿಂಗಳ ಕೊನೆಗೆ ದವಸದ ಕೋಣೆಗೆ ಹೋಗುತ್ತೇನೆ. ಓಣಿಯವರು ತಂದುಕೊಟ್ಟ ಜೋಳ, ಬೇಳೆ, ಎಣ್ಣೆಯನ್ನು ರಾಜಬಿ ಎಂಬಾಕೆ ತನ್ನ ಮನೆಯ ಮುಂದಿನ ಕೋಣೆಯಲ್ಲಿಟ್ಟು ನಮ್ಮಂಥವರಿಗೆ ಹಂಚುತ್ತಾಳೆ. ಮೊದಲ ಸಲ ಸೆರಗಿನಿಂದ ಮುಖ ಮುಚ್ಚಿಕೊಂಡು ಹೋಗಿದ್ದೆ. "ಯಾಕ ಬೇ, ಮಾರಿ ಮುಚ್ಚಕೊಂಡೀ? ಜ್ವಾಳ ನಿನ್ನ ಗುರ್ತ ಹಿಡೀತೈತೇನು?" ಎಂದು ನಗಿಸಿದಳು.

ಮೊನ್ನೆ ನನ್ನ ಚೀಲದ ತಳ ಹರಿಯಿತು.

"ಸೆರಗ ಹಿಡಿ, ಹಾಕ್ತೇನಿ" ಎಂದಳು ರಾಜಬಿ.

ಹಿಂದೆ ನಿಂತಿದ್ದ ಗುರುಬಾಯಿ, ವಿಧವಾ ವೇತನದಲ್ಲಿ ಬದುಕುವ ಮುದುಕಿ, ಕೂಗಿಕೊಂಡಳು: "ಏ, ಹಂಗ ಉಡಿ ತುಂಬಿದಂಗ ಹಾಕಬ್ಯಾಡ! ಆಕಿ ಗಂಡ ಇಲ್ಲದಾಕಿ!"

"ಗಂಡ ಇಲ್ಲಂದ್ರ ಹೊಟ್ಟೀನೂ ಇಲ್ಲೇನು ಯವ್ವಾ?" ಎನ್ನುತ್ತಲೇ ರಾಜಬಿ ಸುರಿದಳು.

ಅಣ್ಣ, ಆ ಭಾರ ಸೆರಗಿಗೆ ಬಿದ್ದದ್ದೇ, ಜೋಳ ಚೆಲ್ಲದಂತೆ ಹಿಡಿದುಕೊಂಡು, ಎಲ್ಲರೆದುರೇ ಅತ್ತುಬಿಟ್ಟೆ. ಗುರುಬಾಯಿ ನನ್ನನ್ನು ನೋಡಿದಳು. ಆಮೇಲೆ ತನ್ನ ಗಟ್ಟಿಮುಟ್ಟಾದ ಚೀಲವನ್ನು ಮಡಚಿ ಕಂಕುಳಲ್ಲಿಟ್ಟು, ಸೆರಗು ಚಾಚಿದಳು.

"ಹಂಗಾರ ನನಗೂ ಇದರಾಗ ಹಾಕ ಬೇ."

ನೀನೂ ವೈನಿಯೂ ಚೆನ್ನಾಗಿರಿ. ಮಕ್ಕಳಿಗೆ ನನ್ನ ಆಶೀರ್ವಾದ. ಜೋಕಾಲಿ ಗಟ್ಟಿಯಾಗಿ ಕಟ್ಟಿಕೊಡು.

ನಿನ್ನ ತಂಗಿ,
ಚಂದ್ರಕಲಾ

ತಾ.ಕ.: ಎರಡು ದಿನ ಅತ್ತೆಯನ್ನು ನೋಡಿಕೊಳ್ಳಲು ಗುರುಬಾಯಿ ಒಪ್ಪಿದ್ದಾಳೆ. ನಾನೇ ಬರುವುದಿಲ್ಲ. ಹೋದ ಪಂಚಮಿಗೆ ವೈನಿ ಅಕ್ಕಂದಿರ ಉಡಿ ತುಂಬುತ್ತ ಬಂದು, ನನ್ನನ್ನು ದಾಟಿ ಮುಂದೆ ಹೋದರು. ಅವರ ಮೇಲೆ ಬೇಸರವಿಲ್ಲ, ಅವರಿಗೆ ಕಲಿಸಿದ್ದೇ ಹಾಗೆ. ಅಕ್ಕಿಯ ತಟ್ಟೆ ಹಿಡಿದು ಅವರ ಪಕ್ಕದಲ್ಲಿ ನಿಂತಿದ್ದವನು ನೀನು, ಅಣ್ಣ.